ಜಮಖಂಡಿಯ ಆಕಾಶ, ವಿಜಯವಾಡದ ಆಕಾಶ

ಊರು ಬಿಟ್ಟು ಬಂದವರಿಗೆ ಹೊಸ ಊರಿನಲ್ಲಿ ಎಲ್ಲವೂ ಬೇರೆಯಾಗಿ ಕಾಣುವುದು ಸಹಜ. ನೀರು ಬೇರೆ, ಸಾರಿನ ಹುಳಿ ಬೇರೆ, ಬೀದಿಯಲ್ಲಿ ಕಿವಿಗೆ ಬೀಳುವ ಮಾತು ಬೇರೆ. ಬೇರೆಯಾಗದೆ ಉಳಿದದ್ದು ಏನಾದರೂ ಇದೆಯೇ ಎಂದು ಹುಡುಕುವ ಚಟ ನನಗೆ ಮೊದಲಿನಿಂದಲೂ ಉಂಟು. 1998ರಲ್ಲಿ ರೈಲ್ವೆಯ ಕೆಲಸದ ಮೇಲೆ ವಿಜಯವಾಡಕ್ಕೆ ಬಂದಾಗ, ಮಗಳ ಶಾಲೆಯ ಭೂಪಟದ ಪುಸ್ತಕ ಬಿಚ್ಚಿ ನಮ್ಮ ಜಮಖಂಡಿಯಿಂದ ಇಲ್ಲಿಗೆ ಒಂದು ಅಳತೆಪಟ್ಟಿ ಇಟ್ಟು ನೋಡಿದೆ. ಪಟ್ಟಿ ಪುಟದ ಅಡ್ಡಗೆರೆಗೆ ಸರಿಯಾಗಿ ಕೂತಿತು. ಜಮಖಂಡಿಯ ಅಕ್ಷಾಂಶ 16 ಡಿಗ್ರಿ 30 ಮಿನಿಟು. ವಿಜಯವಾಡದ್ದೂ 16 ಡಿಗ್ರಿ 30 ಮಿನಿಟು.

ಇದರ ಅರ್ಥ ಸಣ್ಣದಲ್ಲ. ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಕಾಣುತ್ತದೋ ಹೆಚ್ಚುಕಡಿಮೆ ಅದೇ ಆ ಊರಿನ ಅಕ್ಷಾಂಶ. ಅಂದಮೇಲೆ ಅವ್ವನ ಮಾಳಿಗೆಯ ಮೇಲಿನ ಆಕಾಶವೂ ನನ್ನ ಕ್ವಾರ್ಟರ್ಸಿನ ಮೇಲಿನ ಆಕಾಶವೂ ಒಂದೇ. ಅಲ್ಲಿ ಯಾವ ನಕ್ಷತ್ರ ನಡುನೆತ್ತಿಗೆ ಬರುತ್ತದೋ ಇಲ್ಲಿಯೂ ಅದೇ ಬರುತ್ತದೆ. ವ್ಯತ್ಯಾಸ ಒಂದೇ, ಹೊತ್ತಿನದು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ವಿಜಯವಾಡ ಜಮಖಂಡಿಗಿಂತ ಐದು ಡಿಗ್ರಿಗೆ ಚೂರು ಹೆಚ್ಚು ಮೂಡಣಕ್ಕಿದೆ. ಹೀಗಾಗಿ ಸೂರ್ಯ ನಮಗೆ 21 ನಿಮಿಷ ಮೊದಲು ಹುಟ್ಟುತ್ತಾನೆ. ನಾವು ಊರಿನಿಂದ ಎಷ್ಟು ದೂರ ಬಂದೆವು ಎಂದು ಯಾರಾದರೂ ಕೇಳಿದರೆ ನಾನು ‘21 ನಿಮಿಷ’ ಎನ್ನುತ್ತಿದ್ದೆ. ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಬಂದವರು ಈ ಲೆಕ್ಕವನ್ನು ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ.

ಈ 21 ನಿಮಿಷ ಬರೀ ತಮಾಷೆಯೂ ಅಲ್ಲ. ನಮ್ಮಲ್ಲಿ ಬಹಳ ಮನೆಗಳಿಗೆ ಪಂಚಾಂಗ ಊರಿನಿಂದಲೇ ಬರುತ್ತದೆ. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ಸರಿದರೆ ಒಂದು ತಿಥಿ. ಅದು ಮುಗಿಯುವ ಗಳಿಗೆ ಇಡೀ ದೇಶಕ್ಕೆ ಒಂದೇ. ಸೂರ್ಯೋದಯ ಮಾತ್ರ ಊರಿಂದೂರಿಗೆ ಬೇರೆ. ಪಂಚಮಿ ಬೆಳಿಗ್ಗೆ ಆರಕ್ಕೆ ಮುಗಿಯುತ್ತದೆ, ವಿಜಯವಾಡದಲ್ಲಿ ಸೂರ್ಯ 5.50ಕ್ಕೇ ಹುಟ್ಟಿದ, ಜಮಖಂಡಿಯಲ್ಲಿ 6.11ಕ್ಕೆ ಹುಟ್ಟಿದ ಎಂದಿಟ್ಟುಕೊಳ್ಳಿ. ಉದಯಕ್ಕಿರುವ ತಿಥಿಯೇ ಆ ದಿನದ ತಿಥಿ ಎನ್ನುವವರಿಗೆ ಇಲ್ಲಿ ಪಂಚಮಿ, ಅಲ್ಲಿ ಷಷ್ಠಿ! ‘ಊರಲ್ಲಿ ನಿನ್ನೆಯೇ ಆಯಿತಂತೆ, ನೀವೇಕೆ ಇವತ್ತು?’ ಎಂದು ಫೋನಿನಲ್ಲಿ ಕೇಳಿಸಿಕೊಂಡ ಗೃಹಿಣಿಯರು ಇದನ್ನು ನೆನಪಿಡಬಹುದು. ತಪ್ಪು ನಿಮ್ಮದೂ ಅಲ್ಲ, ಪಂಚಾಂಗದ್ದೂ ಅಲ್ಲ. ಭೂಮಿ ಉರುಟಾಗಿದೆ, ಅಷ್ಟೆ.

ಒಂದು ವಿಷಯದಲ್ಲಿ ಆಂಧ್ರಕ್ಕೆ ಬಂದ ಕನ್ನಡಿಗರು ಪುಣ್ಯವಂತರು. ತೆಲುಗರದೂ ನಮ್ಮಂತೆಯೇ ಚಾಂದ್ರಮಾನ, ಅಮಾವಾಸ್ಯೆಗೆ ಮುಗಿಯುವ ತಿಂಗಳು. ಅವರ ಯುಗಾದಿಯೂ ನಮ್ಮ ಯುಗಾದಿಯೂ ಒಂದೇ ದಿನ. ಬೇವು-ಬೆಲ್ಲದ ಜಾಗದಲ್ಲಿ ಪಚ್ಚಡಿ ಬರುತ್ತದೆ. ಮದರಾಸಿನ ಕನ್ನಡ ಮನೆಗಳ ನೆರೆಯವರಿಗೆ ವರ್ಷ ಹುಟ್ಟುವುದು ಸೂರ್ಯನ ಲೆಕ್ಕದಲ್ಲಿ, ಏಪ್ರಿಲ್ ನಡುವೆ. ಚಂದ್ರ ಭೂಮಿಯನ್ನು ಸುತ್ತಲು 27 ದಿನಕ್ಕೆ ಸ್ವಲ್ಪ ಹೆಚ್ಚು ಸಾಕು. ಆದರೆ ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಮುಂದೆ ಸರಿದಿರುವುದರಿಂದ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ ಹಿಡಿಯುತ್ತದೆ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಉಳಿದ ಹನ್ನೊಂದು ದಿನ ಕೂಡುತ್ತ ಬಂದು ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಒಂದು ಅಧಿಕ ಮಾಸವಾಗುತ್ತದೆ. ಅಳಿಯನಿಗೆ ಅಧಿಕದ ಬಾಗಿನ ಕೊಡುವ ಮಾವಂದಿರು ದೂರಬೇಕಾದದ್ದು ಚಂದ್ರನನ್ನು.

ಚಂದ್ರನ ಮಾತು ಹಾಗಿರಲಿ. ವಿಜಯವಾಡದಲ್ಲಿ ದೊಡ್ಡ ಜಾತ್ರೆ ಆಗುವುದು ಗುರುವಿನ ಹೆಸರಿನಲ್ಲಿ. ಗುರು ಗ್ರಹ ಒಂದೊಂದು ರಾಶಿಗೆ ಬಂದಾಗ ಒಂದೊಂದು ನದಿಗೆ ಪುಷ್ಕರ: ಸಿಂಹಕ್ಕೆ ಬಂದರೆ ಗೋದಾವರಿಗೆ, ಕನ್ಯೆಗೆ ಬಂದರೆ ಕೃಷ್ಣೆಗೆ, ತುಲೆಗೆ ಬಂದರೆ ನಮ್ಮ ಕಾವೇರಿಗೆ, ಮಕರಕ್ಕೆ ಬಂದರೆ ತುಂಗಭದ್ರೆಗೆ. ಕೃಷ್ಣೆಯ ಮೇಲ್ದಂಡೆಯಲ್ಲಿ, ನರಸೋಬವಾಡಿಯ ಕಡೆ, ಇದಕ್ಕೆ ಕನ್ಯಾಗತ ಎನ್ನುತ್ತಾರೆ. ನಮ್ಮ ಅವ್ವನಿಗೆ ಹುಟ್ಟಿದ ಇಸವಿ ಗೊತ್ತಿರಲಿಲ್ಲ. ‘ಕನ್ಯಾಗತದಾಗ ಹುಟ್ಟಿದಾಕಿ ನಾನು’ ಎನ್ನುತ್ತಿದ್ದಳು. 2016ರ ಆಗಸ್ಟ್ 12ರಿಂದ 23ರವರೆಗೆ ಕೃಷ್ಣಾ ಪುಷ್ಕರವೆಂದು ಗೊತ್ತಾದಾಗ ಜಮಖಂಡಿಯಿಂದ ಹೇಳಿ ಕಳಿಸಿದಳು: ಏಳನೆಯ ಸುತ್ತು ಮುಗಿಯಿತು, ನಿನ್ನ ಊರಿನ ಹೊಳಿಯಲ್ಲೇ ಮುಳುಗುತ್ತೇನೆ.

ಏಳು ಸುತ್ತು ಎಂದರೆ ವಯಸ್ಸೆಷ್ಟು? ಏಳು ಹನ್ನೆರಡಲಿ ಎಂಬತ್ನಾಲ್ಕು ಎಂದಳು ನನ್ನ ಅಕ್ಕ. ಆದರೆ ಗುರು ಸೂರ್ಯನನ್ನು ಸುತ್ತುವುದಕ್ಕೆ ಪೂರಾ ಹನ್ನೆರಡು ವರ್ಷ ಬೇಡ, 11.86 ವರ್ಷ, ಅಂದರೆ ಸುಮಾರು ಐವತ್ತು ದಿನ ಕಡಿಮೆ. ಏಳು ಸುತ್ತಿಗೆ ಒಂದು ವರ್ಷವೇ ಉಳಿದುಹೋಗುತ್ತದೆ. ಹಿಂದಕ್ಕೆ ಎಣಿಸಿದರೆ ಅವ್ವ ಹುಟ್ಟಿದ ಕನ್ಯಾಗತ ಬರುವುದು 1933ರಲ್ಲಿ. ‘ಒಂದು ವರ್ಷ ಕಮ್ಮಿ ಮಾಡಿದಿ, ಬದುಕು’ ಎಂದು ಅವ್ವ ನನ್ನನ್ನು ಹರಸಿದಳು.

ಆ ವರ್ಷ ನಮ್ಮ ಮನೆಯಲ್ಲಿ ಗುರುವಿನ ಹೆಸರು ಇನ್ನೊಂದು ಕಾರಣಕ್ಕೂ ಬಂದಿತ್ತು. ಮಗಳದು ವೃಶ್ಚಿಕ ರಾಶಿ. ವರ್ಷದ ಮೊದಲಲ್ಲಿ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ನಿಶ್ಚಿತಾರ್ಥದ ಮಾತಿಗೆ ಬಂದಾಗ ಗಂಡಿನ ಕಡೆಯವರು ಜಾತಕ ಮತ್ತೊಮ್ಮೆ ತೋರಿಸಿ, ಹುಡುಗಿಗೆ ಗುರುಬಲ ಇಲ್ಲ, ಮೇಲೆ ಸಾಡೇಸಾತಿ, ಶನಿ ಜನ್ಮರಾಶಿಯಲ್ಲೇ ಕೂತಿದ್ದಾನೆ ಎಂದು ಹಿಂದೆ ಸರಿದರು. ಎಂ.ಎಸ್‌ಸಿ. ಓದಿದ ಹುಡುಗಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಶನಿಗೆ ಎಣ್ಣೆ ಹಾಕಿಸಿ ಎಂದವರು ಕೆಲವರು, ಹತ್ತೊಂಬತ್ತು ಶನಿವಾರ ಹೇಳಿದವರು ಕೆಲವರು. ನೆರೆಯ ತೆಲುಗು ಗೃಹಿಣಿ ‘ಏಲಿನಾಟಿ ಶನಿ’ ಎಂದು ಮಗಳ ತಲೆ ಸವರಿ ಹೋದರು.

ನನಗೆ ಜ್ಯೋತಿಷ್ಯ ಬಾರದು, ಗುಣಾಕಾರ ಬರುತ್ತದೆ. ಶನಿ ಸೂರ್ಯನನ್ನು ಸುತ್ತಲು ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡರಿಂದ ಭಾಗಿಸಿದರೆ ರಾಶಿಗೆ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಎಂದು ಮೂರು ರಾಶಿ ಸೇರಿದರೆ ಏಳೂವರೆ, ಅದೇ ಸಾಡೇಸಾತಿ. ಅಂದಮೇಲೆ ಯಾವ ದಿನ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರು ಸಾಡೇಸಾತಿಯಲ್ಲಿರಲೇಬೇಕು. ನಾಲ್ವರಲ್ಲಿ ಒಬ್ಬರು! ಗುರುಬಲದ್ದೂ ಅಷ್ಟೆ, ಎರಡು, ಐದು, ಏಳು, ಒಂಬತ್ತು, ಹನ್ನೊಂದು, ಈ ಐದು ಮನೆಗಳಲ್ಲಿದ್ದರೆ ಬಲ ಎನ್ನುತ್ತಾರೆ. ಹಾಗಾದರೆ ಯಾವ ದಿನ ನೋಡಿದರೂ ಉಳಿದ ಏಳು ರಾಶಿಯವರಿಗೆ ಆಗ ಬಲ ಇಲ್ಲ. ವಿಜಯವಾಡದ ಕಲ್ಯಾಣಮಂಟಪಗಳಲ್ಲಿ ಆ ವರ್ಷ ಮದುವೆಯಾದವರೆಲ್ಲ ಐದೇ ರಾಶಿಯವರೇ? ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಮಗಳ ಮುಂದಿಟ್ಟೆ. ಅವಳು ಓದಿ, ಮಡಚಿ, ‘ಲೆಕ್ಕ ಸರಿ ಇದೆ ಅಪ್ಪಾ’ ಎಂದಳು. ಮುಖ ಮಾತ್ರ ಗೆಲುವಾಗಲಿಲ್ಲ.

ಅವ್ವ ಬಂದಳು. ಕೃಷ್ಣವೇಣಿ ಘಾಟಿನಲ್ಲಿ ಕೈಹಿಡಿದು ಮುಳುಗಿಸಿದೆವು. ಜನವೋ ಜನ. ಒದ್ದೆ ಸೀರೆಯಲ್ಲಿ ಮೆಟ್ಟಿಲ ಮೇಲೆ ಕೂತು ಸುತ್ತ ನೋಡಿ ಅವ್ವ ಒಂದು ಪ್ರಶ್ನೆ ಕೇಳಿದಳು: ‘ಅಲ್ಲೋ ತಮ್ಮಾ, ಗುರು ಕನ್ಯಾಕ್ಕ ಬಂದಾನಂತ ಇಷ್ಟು ಮಂದಿ ಹೊಳ್ಯಾಗ ಮುಳುಗಾಕತ್ತಾರ. ಆ ಗುರು ಎಲ್ಲಿ ಅದಾನ? ಯಾರರೆ ನೋಡ್ಯಾರೇನು?’

ಅಲ್ಲಿದ್ದ ಸಾವಿರಾರು ಜನರಲ್ಲಿ ಆ ಪ್ರಶ್ನೆ ಬೇರೆ ಯಾರಿಗೆ ಹೊಳೆದಿತ್ತೋ ಕಾಣೆ. ಎಲ್ಲರ ಕಣ್ಣೂ ನೀರಿನ ಮೇಲಿತ್ತು.

ಆ ಆಗಸ್ಟ್ ತಿಂಗಳು ಆಕಾಶ ನೋಡುವವರಿಗೆ ಹಬ್ಬವೇ ಆಗಿತ್ತು. ಬರಿಗಣ್ಣಿಗೆ ಕಾಣುವ ಐದೂ ಗ್ರಹಗಳು ಒಂದೇ ಸಂಜೆ ಕಾಣುತ್ತಿದ್ದವು. ಮೋಡದ ದಿನಗಳು, ಪುಷ್ಕರ ಮುಗಿಯುವ ಹೊತ್ತಿಗೆ ಒಂದು ಸಂಜೆ ಬಯಲಾಯಿತು. ಹುಣ್ಣಿಮೆ ಕಳೆದು ನಾಲ್ಕೈದು ದಿನವಾಗಿದ್ದರಿಂದ ಚಂದ್ರ ತಡವಾಗಿ ಬರುವವನಿದ್ದ (ದಿನಕ್ಕೆ ಸುಮಾರು ಐವತ್ತು ನಿಮಿಷ ಅವನು ಹಿಂದೆ ಬೀಳುತ್ತಾನೆ). ಅವ್ವನನ್ನು ಮಗಳು ಹಿಡಿದುಕೊಂಡು ಮಾಳಿಗೆ ಹತ್ತಿಸಿದಳು. ಪಡುವಣದಲ್ಲಿ ಕೆಳಗೆ ಶುಕ್ರ, ಎಲ್ಲಕ್ಕಿಂತ ಬೆಳ್ಳಗೆ. ಅದರ ಮೇಲೆ ಗುರು. ಹತ್ತಿರದಲ್ಲೇ ಮಂಕಾಗಿ ಬುಧ. ದಕ್ಷಿಣಕ್ಕೆ ತಿರುಗಿದರೆ ಕೆಂಪಗೆ ಮಂಗಳ, ಅದರ ಬಳಿಯಲ್ಲೇ ಶನಿ, ಕೆಳಗೆ ವೃಶ್ಚಿಕದ ಎದೆಯಲ್ಲಿ ಜ್ಯೇಷ್ಠಾ ನಕ್ಷತ್ರ.

ಶುಕ್ರನನ್ನು ತೋರಿಸಿದಾಗ ಅವ್ವ ತಕರಾರು ಎತ್ತಿದಳು. ‘ಬೆಳ್ಳಿಚುಕ್ಕಿ ನಸುಕಿನ್ಯಾಗ ಮೂಡೂದಲ್ಲೇನೋ? ಸಂಜೀಕ ಹೆಂಗ ಬಂತು?’ ನ್ಯಾಯವಾದ ತಕರಾರೇ. ಶುಕ್ರನೂ ಬುಧನೂ ನಮಗಿಂತ ಸೂರ್ಯನಿಗೆ ಹತ್ತಿರ. ನಮ್ಮ ಕಣ್ಣಿಗೆ ಅವು ಸೂರ್ಯನನ್ನು ಬಿಟ್ಟು ದೂರ ಹೋಗಲಾರವು. ಶುಕ್ರ ಹೆಚ್ಚೆಂದರೆ 47 ಡಿಗ್ರಿ. ಕೆಲವು ತಿಂಗಳು ಸೂರ್ಯನ ಮುಂದೆ ನಡೆದು ಬೆಳಗಿನ ಚುಕ್ಕಿ, ಕೆಲವು ತಿಂಗಳು ಹಿಂದೆ ನಡೆದು ಸಂಜೆಯ ಚುಕ್ಕಿ. ನಡುರಾತ್ರಿ ನಡುನೆತ್ತಿಯಲ್ಲಿ ಶುಕ್ರನನ್ನು ಕಂಡೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಗುರುವನ್ನು ನೋಡಿ ಕೈಮುಗಿದಳು. ಅಡ್ಡಕ್ಕೆ ಹನ್ನೊಂದು ಭೂಮಿ ಹಿಡಿಯುವಷ್ಟು ದೊಡ್ಡದು ಎಂದೆ. ಅಷ್ಟು ದೊಡ್ಡ ಗೋಳ ಹತ್ತು ಗಂಟೆಯೊಳಗೆ ತನ್ನ ಸುತ್ತ ತಾನು ತಿರುಗುತ್ತದೆ ಎಂದೆ. ‘ತಲಿ ತಿರಗೂದಿಲ್ಲೇನು ಅದಕ್ಕ?’ ಎಂದಳು. ಪಕ್ಕದ ಮನೆಯ ಹುಡುಗನಲ್ಲಿ ಸಣ್ಣ ದೂರದರ್ಶಕವಿತ್ತು. ತಂದು ಶನಿಯ ಕಡೆ ತಿರುಗಿಸಿದ. ಮೊದಲು ನೋಡಿದವಳು ಮಗಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಕಡಲೆಬೇಳೆಯಷ್ಟು ಹಳದಿ ಗುಂಡು, ಅದರ ಸುತ್ತ ಉಂಗುರ. ಚಿತ್ರದಲ್ಲಿ ಇದ್ದ ಹಾಗೆಯೇ. ನೂರು ಸಲ ಚಿತ್ರ ನೋಡಿದ್ದರೂ ಅದು ನಿಜವಾಗಿ ಹಾಗೇ ಇದೆ ಎಂದು ಕಣ್ಣಾರೆ ಕಂಡಾಗ ಮನುಷ್ಯ ದಂಗಾಗುತ್ತಾನೆ. ಆ ಉಂಗುರ ಬಹುಪಾಲು ಮಂಜುಗಡ್ಡೆಯ ಚೂರುಗಳು. ಸೂರ್ಯನಿಂದ 143 ಕೋಟಿ ಕಿಲೋಮೀಟರು ದೂರದ ಚಳಿಯಲ್ಲಿ ಸುತ್ತುತ್ತಿವೆ. ಶನಿ ಎಷ್ಟು ಹಗುರವೆಂದರೆ ಅದನ್ನು ಹಿಡಿಸುವ ಕೆರೆಯೊಂದಿದ್ದರೆ ನೀರಿನಲ್ಲಿ ತೇಲೀತು. ಅವ್ವನೂ ಒಂದು ಕಣ್ಣು ಮುಚ್ಚಿ ನೋಡಿದಳು. ‘ಇಷ್ಟು ಚಂದ ಐತಿ. ಇದಕ್ಕ ಅಂಜಿ ಹುಡುಗೀನ ಬ್ಯಾಡ ಅಂದ್ರೇನು ಅವರು?’ ಮಗಳು ನಕ್ಕಳು. ಎಂಟು ತಿಂಗಳಲ್ಲಿ ಅಷ್ಟು ಬಾಯ್ತುಂಬ ನಕ್ಕದ್ದು ಅದೇ ಮೊದಲು.

ಮುಂದಿನದನ್ನೂ ಹೇಳಿಬಿಡುತ್ತೇನೆ. ಗುರು ಕನ್ಯೆಗೆ ಬಂದದ್ದರಿಂದ ವೃಶ್ಚಿಕಕ್ಕೆ ಅವನು ಹನ್ನೊಂದನೆಯವನಾದ, ಗುರುಬಲ ಬಂತು. ದಸರೆಯ ಹೊತ್ತಿಗೆ ಅದೇ ಮನೆಯವರು ಮತ್ತೆ ಹೇಳಿ ಕಳಿಸಿದರು. ‘ಅವರಿಗೆ ಬಲ ಬೇಕಾಗಿದ್ದದ್ದು ಗುರುವಿನದೇ ಹೊರತು ನನ್ನದಲ್ಲ’ ಎಂದು ಮಗಳು ಒಲ್ಲೆ ಎಂದಳು. ಸಾಡೇಸಾತಿ ಮುಗಿಯಲು ಇನ್ನೂ ಕಾಲವಿದ್ದಾಗಲೇ, 2018ರಲ್ಲಿ, ಬೇರೆ ಕಡೆ ಮದುವೆಯಾದಳು.

ಆ ರಾತ್ರಿ ಅವ್ವ ಒಂಬತ್ತು ಗ್ರಹದಲ್ಲಿ ಐದೇ ಆಯಿತಲ್ಲ, ಉಳಿದವು ಎಲ್ಲಿ ಎಂದಿದ್ದಳು. ನವಗ್ರಹದಲ್ಲಿ ಸೂರ್ಯ ಚಂದ್ರರೂ ಸೇರಿದ್ದಾರೆ. ರಾಹು ಕೇತುಗಳು ವಸ್ತುಗಳೇ ಅಲ್ಲ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು ಐದು ಡಿಗ್ರಿ ಓರೆ. ಆ ಎರಡು ದಾರಿಗಳು ಕೂಡುವ ಎರಡು ಬಿಂದುಗಳು ರಾಹು ಮತ್ತು ಕೇತು. ಅಮಾವಾಸ್ಯೆಯ ಚಂದ್ರ ಆ ಬಿಂದುವಿನ ಬಳಿಯಿದ್ದರೆ ಮಾತ್ರ ಸೂರ್ಯಗ್ರಹಣ. ಇಲ್ಲವಾದರೆ ಮೇಲೋ ಕೆಳಗೋ ಜಾರಿ ಹೋಗುತ್ತಾನೆ. ಪ್ರತಿ ಅಮಾವಾಸ್ಯೆಗೂ ಗ್ರಹಣವಾಗದಿರುವುದು ಅದಕ್ಕೇ. ಹಳಬರು ಬಿಂದುವಿಗೆ ಹೆಸರಿಟ್ಟರು, ಕತೆಗಾರರು ಅದಕ್ಕೆ ಬಾಯಿ ಹಚ್ಚಿದರು.

ಇನ್ನು ಬರಿಗಣ್ಣಿಗೆ ಸುಲಭವಾಗಿ ಸಿಕ್ಕದ ಗ್ರಹಗಳು. ಯುರೇನಸ್ಸನ್ನು 1781ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದವನು ವಿಲಿಯಂ ಹರ್ಷೆಲ್. ಅವನ ಮೊಮ್ಮಗ, ಜಾನ್ ಹರ್ಷೆಲ್ ಎಂಬ ಸೇನೆಯ ಎಂಜಿನಿಯರು, 1868ರಲ್ಲಿ ದೂರದರ್ಶಕ ಹೊತ್ತುಕೊಂಡು ಎಲ್ಲಿಗೆ ಬಂದ ಗೊತ್ತೇ? ನಮ್ಮ ಜಮಖಂಡಿಗೆ! ಅದನ್ನು ಹೇಳಿದಾಗ ಅವ್ವ ಏಕ್‌ದಂ ಎದ್ದು ಕೂತಳು. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಪಡುವಣ ಕರಾವಳಿಯಿಂದ ನೆಲ ಹತ್ತಿ ಜಮಖಂಡಿಯ ಮೇಲೆ ಹಾದು, ಕೆಲವೇ ನಿಮಿಷಗಳಲ್ಲಿ ಗುಂಟೂರು, ಮಚಲಿಪಟ್ಟಣಗಳನ್ನು ಮುಚ್ಚಿ ಬಂಗಾಳ ಕೊಲ್ಲಿಗೆ ಇಳಿಯಿತು. ಹೆಚ್ಚುಕಡಿಮೆ ಕೃಷ್ಣೆಯ ಜೊತೆಜೊತೆಗೇ ಓಡಿತು ಎನ್ನಬಹುದು. ಗುಂಟೂರು ವಿಜಯವಾಡದಿಂದ ಮೂವತ್ತು ಚಿಲ್ಲರೆ ಕಿಲೋಮೀಟರು. ಸೂರ್ಯ ಚಂದ್ರನಿಗಿಂತ ಸುಮಾರು ನಾನೂರು ಪಟ್ಟು ದೊಡ್ಡವನು, ಸುಮಾರು ನಾನೂರು ಪಟ್ಟು ದೂರದವನು. ಆದ್ದರಿಂದಲೇ ಚಂದ್ರನ ತಟ್ಟೆ ಸೂರ್ಯನ ತಟ್ಟೆಯನ್ನು ಸರಿಯಾಗಿ ಮುಚ್ಚುತ್ತದೆ.

ಜಮಖಂಡಿಯಲ್ಲಿ ಮೋಡ ಕಾಡಿತು. ಸಂದಿಯಲ್ಲಿ ಸಿಕ್ಕಷ್ಟನ್ನು ಹರ್ಷೆಲ್ ನೋಡಿದ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕೂತಿದ್ದ. ಗ್ರಹಣ ಹಿಡಿದಾಗ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ನಾಲಿಗೆಗಳು ಉರಿಯುವ ಅನಿಲವೆಂದು ಬೆಳಕನ್ನು ಸೀಳಿ ನೋಡಿ ಕಂಡುಕೊಂಡ. ಆ ಗೆರೆಗಳು ಎಷ್ಟು ಪ್ರಖರವಾಗಿದ್ದುವೆಂದರೆ ಮರುದಿನ ಗ್ರಹಣವಿಲ್ಲದೆಯೇ ಅವನ್ನು ನೋಡಿದ. ಅದರಲ್ಲಿ ಒಂದು ಹಳದಿ ಗೆರೆ ಯಾವ ಗೊತ್ತಿರುವ ಧಾತುವಿನದೂ ಅಲ್ಲವೆಂದು ಮುಂದೆ ಇಂಗ್ಲೆಂಡಿನ ಲಾಕಿಯರ್ ಹೇಳಿದ. ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ. ಹೀಲಿಯಂ ಗುಂಟೂರಿನಲ್ಲಿ ಸಿಕ್ಕಿತು ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುವುದುಂಟು. ಅಷ್ಟು ನೇರವಲ್ಲದಿದ್ದರೂ ಹೆಮ್ಮೆಗೆ ಕಾರಣವಿದೆ. ನಮ್ಮ ಜಮಖಂಡಿಯ ಪಾಲನ್ನು ಕೇಳುವವರಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

2017ರಲ್ಲಿ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ನಿವೃತ್ತಿಯ ಬಳಿಕವೂ ಇಲ್ಲೇ ನೆಲೆನಿಂತೆವು. ಊರಿನಿಂದ ಈಗ 32 ನಿಮಿಷ ದೂರ. ಇಲ್ಲಿನ ಡಾಬಾ ಗಾರ್ಡನ್ಸ್ ಇವತ್ತು ಅಂಗಡಿ, ವಾಹನಗಳ ಗದ್ದಲ. ಅಲ್ಲಿ 1840ರಲ್ಲಿ ಗೋಡೆ ವೆಂಕಟ ಜುಗ್ಗಾರಾವ್ ಎಂಬ ಜಮೀನುದಾರರು ಸ್ವಂತ ಖರ್ಚಿನಲ್ಲಿ ಒಂದು ವೀಕ್ಷಣಾಲಯ ಕಟ್ಟಿಸಿದ್ದರು. ಮದರಾಸಿನ ಸರ್ಕಾರಿ ವೀಕ್ಷಣಾಲಯದ ಟೇಲರನ ಬಳಿ ಕಲಿತು ಬಂದವರು ಅವರು. ಬಳಿಕ ಅದನ್ನು ನಡೆಸಿದವರು ಅವರ ಅಳಿಯ ಅಂಕಿತಂ ವೆಂಕಟ ನರಸಿಂಗರಾವ್. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯನ ಮುಖದ ಮೇಲೆ ಕಪ್ಪು ಬೊಟ್ಟಿನಂತೆ ಹಾದುಹೋದಾಗ ಅವರು ಇಲ್ಲಿಂದ ಹೊತ್ತು ಗುರುತಿಸಿ ಲಂಡನ್ನಿನ ಖಗೋಳ ಸಂಘಕ್ಕೆ ಬರೆದರು. ಬೇರೆ ಬೇರೆ ಊರುಗಳಿಂದ ಆ ಹೊತ್ತನ್ನು ಸರಿಯಾಗಿ ಗುರುತಿಸಿದರೆ ಸೂರ್ಯ ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ಇಂದು ಶಾಲೆಯ ಮಕ್ಕಳು ಸಲೀಸಾಗಿ ಹೇಳುವ 15 ಕೋಟಿ ಕಿಲೋಮೀಟರು ಎಂಬ ಅಂಕಿಯ ಹಿಂದೆ ಇಂಥವರ ಬೆಳಗಿನ ಹೊತ್ತುಗಳಿವೆ.

ಅದೇ ಸಂಕ್ರಮಣವನ್ನು ಜನರಿಗೆ ತಿಳಿಸಲು ಮದರಾಸಿನ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ‘ಶುಕ್ರಗ್ರಸ್ತ ಸೂರ್ಯಗ್ರಹಣ’ ಎಂಬ ಚಿಕ್ಕ ಪುಸ್ತಕ ಬರೆದರು. ಅವರು ಪಂಚಾಂಗವನ್ನೂ ಮಾಡುತ್ತಿದ್ದವರು. ಕಣ್ಣಿಗೆ ಕಂಡ ಗ್ರಹಸ್ಥಿತಿಗೆ ಪಂಚಾಂಗ ತಾಳೆಯಾಗಬೇಕೆಂದು ಹಟ ಹಿಡಿದವರು. ಆ ಪುಸ್ತಕ ಹಲವು ಭಾಷೆಗಳಲ್ಲಿ ಬಂತು. ಅದರಲ್ಲಿ ಕನ್ನಡವೂ ಒಂದು, ಕನ್ನಡದ ಪ್ರತಿ ಉಳಿದುಬಂದಿದೆ ಕೂಡ. ಮದರಾಸಿನಲ್ಲಿ ಕೂತು 1874ರಲ್ಲೇ ಕನ್ನಡದಲ್ಲಿ ಗ್ರಹಗಳ ವಿಷಯ ಬರೆಸಿದರೆ, ಅಂಥ ಪುಸ್ತಕ ಓದುವ ಕನ್ನಡಿಗರು ಇದ್ದಾರೆ ಎಂಬ ನಂಬಿಕೆ ಅವರಿಗಿದ್ದಿರಬೇಕು. ನಮ್ಮ ಮಕ್ಕಳು ‘ಜುಪಿಟರ್’ ಎನ್ನುವಾಗ ಅದೇ ಅಜ್ಜಿಯ ಗುರು ಎಂದು ಹೇಳಿಕೊಡುವುದನ್ನು ನಾವೇ ಬಿಟ್ಟಿದ್ದೇವೆ. ಗುರು ಎಂಬ ಮಾತು ಅವರ ಕಿವಿಗೆ ಬೀಳುವುದು ಜಾತಕದ ಹೊತ್ತಿನಲ್ಲಿ ಮಾತ್ರ.

ಇಲ್ಲಿನ ಕೆಲವು ಕನ್ನಡ ಮನೆಗಳ ಮಕ್ಕಳನ್ನು ಭಾನುವಾರ ಸಂಜೆ ರಾಮಕೃಷ್ಣಾ ಬೀಚಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಎಲ್ಲಿಯವರೆಗೆ ಬಂತು, ಅಷ್ಟಮಿಗೆ ಎಲ್ಲಿಯವರೆಗೆ ಬಂತು ಎಂದು ಅವರು ಮರಳಿನಲ್ಲಿ ಗೆರೆ ಎಳೆಯುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರು ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತಾರೆ, ಉಬ್ಬರ ದೊಡ್ಡದು. ಅಷ್ಟಮಿಗೆ ಅಡ್ಡಡ್ಡ ಎಳೆಯುತ್ತಾರೆ, ಚಿಕ್ಕದು. 2023ರ ಆಗಸ್ಟ್ 23ರ ಸಂಜೆ ಅರ್ಧಚಂದ್ರ ಮೇಲಿದ್ದಾಗ ಈ ಮಕ್ಕಳ ಜೊತೆಯಲ್ಲೇ ಚಂದ್ರಯಾನ ಇಳಿದದ್ದನ್ನು ನೋಡಿದೆ. ಹಾರಿದ್ದು ಆಂಧ್ರದ ಶ್ರೀಹರಿಕೋಟದಿಂದ, ಆಜ್ಞೆ ಹೋಗುತ್ತಿದ್ದದ್ದು ಬೆಂಗಳೂರಿನಿಂದ. ಇಳಿದ ಜಾಗದಲ್ಲಿ ಆಗ ಬೆಳಗಾಗಿತ್ತು. ಅಲ್ಲಿಯ ಒಂದು ಹಗಲು ನಮ್ಮ ಹದಿನಾಲ್ಕು ದಿನ. ‘ಹಾಗಾದರೆ ಅಲ್ಲಿ ಸ್ಕೂಲು ಎಷ್ಟೊತ್ತು ಅಂಕಲ್?’ ಎಂದ ಒಬ್ಬ.

ಅವ್ವ 2021ರಲ್ಲಿ ತೀರಿಕೊಂಡಳು. ಎಂಟನೆಯ ಸುತ್ತಿನ ಕೃಷ್ಣಾ ಪುಷ್ಕರ 2028ರಲ್ಲಿ. ಮಗಳು ತನ್ನ ಮಗುವನ್ನು ಎತ್ತಿಕೊಂಡು ವಿಜಯವಾಡಕ್ಕೆ ಬರುತ್ತಾಳಂತೆ. ಸ್ನಾನ ಯಾವ ಘಾಟಿನಲ್ಲಿ ಎಂದು ಇಲ್ಲಿಯ ಗೆಳೆಯರು ಈಗಲೇ ಕೇಳುತ್ತಾರೆ. ಅದನ್ನು ಸರ್ಕಾರ ಹೇಳುತ್ತದೆ. ನಾನು ಹೇಳಬಲ್ಲದ್ದು ಇಷ್ಟು: ಗುರು ಆಗಲೂ ಸಂಜೆ ಪಡುವಣದಲ್ಲೇ ಇರುತ್ತಾನೆ, ಸೂರ್ಯ ಮುಳುಗಿ ಅರ್ಧ ಗಂಟೆ ಬಿಟ್ಟು ನೋಡಿ, ಮೋಡ ಇರದಿದ್ದರೆ ಸಾಕು.